ಡಾಕ್ಟರಮ್ಮನಿಗೆ ನೂರಕ್ಕೆ ಮೂವತ್ತೆಂಟು

ಮೂವತ್ತೊಂದು ವರ್ಷ ಊರ ಮಕ್ಕಳಿಗೆಲ್ಲ ಅಂಕ ಹಾಕಿದ ಮೇಷ್ಟ್ರಿಗೆ, ನಿವೃತ್ತರಾದ ಮೇಲೆ ಅಂಕ ಹಾಕಲು ಯಾರೂ ಸಿಗದಿದ್ದುದೇ ದೊಡ್ಡ ಕೊರತೆಯಾಗಿತ್ತು. ಜೇಬಿನಲ್ಲಿ ಕೆಂಪು ಪೆನ್ನು ಸುಮ್ಮನೆ ಒಣಗುತ್ತಿತ್ತು. ಇದರ ಜೊತೆಗೆ ತಲೆಸುತ್ತು. ರಕ್ತದೊತ್ತಡವೆಂದು ಡಾಕ್ಟರಮ್ಮ ಮೂವತ್ತು ಮಾತ್ರೆ ಬರೆದುಕೊಟ್ಟು ಸರಿಯಾಗಿ ಒಂದು ತಿಂಗಳಾದರೂ ಒತ್ತಡ ಇಳಿಯುವ ಲಕ್ಷಣ ಕಾಣಲಿಲ್ಲ. ಪಾಠ ತಲೆಗೆ ಹತ್ತದಿದ್ದರೆ ತಪ್ಪು ಕಲಿಸಿದವರದೇ ಎಂದು ಮೇಷ್ಟ್ರು ಈಗೀಗ (ಅಂದರೆ ನಿವೃತ್ತಿಯ ನಂತರ) ನಂಬತೊಡಗಿದ್ದರು. ಆದ್ದರಿಂದ ಬೇರೆ ಡಾಕ್ಟರನ್ನು ಹುಡುಕುವುದೆಂದರು.

“ಈಗಿರೋರಿಗೆ ಏನಾಗಿದೆ ರೀ?” ಎಂದರು ಹೆಂಡತಿ.

“ಹಾಗೆ ಬಾಯಿಮಾತಲ್ಲಿ ಹೇಳಕ್ಕಾಗಲ್ಲ ಕಣೇ. ಮೌಲ್ಯಮಾಪನ ಮಾಡ್ಬೇಕು.”

ಅಂದೇ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಎಳೆದದ್ದಾಯಿತು. ಕೈ ತೊಳೆಯುವುದಕ್ಕೆ ಹತ್ತು, ಅಡ್ಡ ಬಾರದೆ ಕೇಳುವುದಕ್ಕೆ ಮೂವತ್ತು, ಅರ್ಥವಾಗುವಂತೆ ವಿವರಿಸುವುದಕ್ಕೆ ಮೂವತ್ತು, ಪ್ರಶ್ನೆಗಳಿಗೆ ಇಪ್ಪತ್ತು, ಕೈಬರಹಕ್ಕೆ ಹತ್ತು.

ಮರುದಿನ ಡಾಕ್ಟರಮ್ಮ ಸೋಪು ಹಚ್ಚಿ ಕೈ ತೊಳೆದು ಹತ್ತಕ್ಕೆ ಹತ್ತು ಗಳಿಸಿದರು. ಮೇಷ್ಟ್ರು ತಮ್ಮ ಹೊಸ ಚಪ್ಪಲಿ ಕಚ್ಚುವ ಬಗ್ಗೆ ಒಂಬತ್ತು ನಿಮಿಷ ಮಾತಾಡಿದರು. ಹತ್ತನೆಯ ನಿಮಿಷಕ್ಕೆ ಆಕೆ ತಡೆದದ್ದರಿಂದ ಕೇಳುವಿಕೆಗೆ ಹತ್ತೇ ಸಿಕ್ಕಿತು. ವಿವರಣೆ ಚೆನ್ನಾಗಿತ್ತು, ಆದರೆ ಚಿತ್ರ ಬರೆದಿರಲಿಲ್ಲ. ಹನ್ನೆರಡು. “ಮಾತ್ರೆ ದಿನಾ ತಗೋತಿದ್ದೀರಾ ಮೇಷ್ಟ್ರೇ?” ಎಂದು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದಕ್ಕೆ ಐದು.

“ತಪ್ಪದೆ,” ಎಂದು ಮೇಷ್ಟ್ರು ಎರಡು ಸಲವೂ ಹೇಳಿದ್ದರು. (ತಲೆ ಸುತ್ತದ ದಿನ ಮಾತ್ರೆ ನುಂಗುವುದೆಂದರೆ ತಪ್ಪು ಮಾಡದ ಹುಡುಗನ ಕಿವಿ ಹಿಂಡಿದಂತೆ ಎಂಬುದು ಅವರ ಸಿದ್ಧಾಂತ.) ಔಷಧಿ ಚೀಟಿಯ ಕೈಬರಹಕ್ಕೆ ದಯೆ ತೋರಿ ಒಂದು ಅಂಕ. ಒಟ್ಟು ಮೂವತ್ತೆಂಟು. ತೇರ್ಗಡೆಯೇನೋ ಹೌದು, ಹೇಳಿಕೊಳ್ಳುವಂಥದಲ್ಲ.

ಮನೆಗೆ ಬಂದು ನೋಡಿದರೆ ನೋಟ್‌ಬುಕ್ಕೂ ಇಲ್ಲ, ಪೆನ್ನೂ ಇಲ್ಲ. ಎರಡೂ ಡಾಕ್ಟರಮ್ಮನ ಮೇಜಿನ ಮೇಲೆ. ವಾಪಸು ಹೋಗಿ ಕೇಳಲು ಮೇಷ್ಟ್ರಿಗೆ ಮುಖವಿರಲಿಲ್ಲ. ಹೆಂಡತಿಯೇ ಚೀಲ ಹಿಡಿದು ಹೊರಟರು. ಒಂದು ಗಂಟೆಯ ನಂತರ ಬಂದು ನೋಟ್‌ಬುಕ್ಕನ್ನು ಮುಂದಿಟ್ಟರು. ಎದುರು ಪುಟದಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು:

‘ರೋಗಿಯ ಪ್ರಗತಿ ವರದಿ. ಮಾತುಗಾರಿಕೆ: ಐವತ್ತಕ್ಕೆ ಐವತ್ತು. ಸತ್ಯ ಹೇಳುವುದು: ಐವತ್ತಕ್ಕೆ ಸೊನ್ನೆ. ಮಾತ್ರೆಗೆ ಹಾಜರಿ: ಮೂವತ್ತು ದಿನಗಳಲ್ಲಿ ಏಳು. ಹಾಜರಿ ಕೊರತೆಯಿಂದಾಗಿ ಡಾಕ್ಟರನ್ನು ಬದಲಾಯಿಸಲು ಅನರ್ಹ. ಪೋಷಕರ ಸಹಿ ಕಡ್ಡಾಯ.’

ಮೇಷ್ಟ್ರು ಎರಡು ಸಲ ಓದಿದರು. ಸುತ್ತು ಹಾಕಲು ಒಂದು ಕಾಗುಣಿತದ ತಪ್ಪೂ ಸಿಗಲಿಲ್ಲ. ಅಕ್ಷರಗಳೋ, ಮುತ್ತು ಪೋಣಿಸಿದ ಹಾಗೆ. ಪ್ರಾಮಾಣಿಕ ಮೌಲ್ಯಮಾಪಕರಾದ್ದರಿಂದ ಕೈಬರಹದ ಒಂದನ್ನು ಒಂಬತ್ತು ಮಾಡಬೇಕೆನಿಸಿತು.

“ಏಳು ಅಂತ ಆಕೆಗೆ ಹೇಗೆ ಗೊತ್ತಾಯ್ತು?”

“ಉಳಿದಿರೋ ಇಪ್ಪತ್ಮೂರನ್ನ ನಾನೇ ತಗೊಂಡು ಹೋಗಿ ಮೇಜಿನ ಮೇಲೆ ಸುರಿದೆ,” ಎಂದರು ಹೆಂಡತಿ. ‘ಪೋಷಕರು’ ಎಂಬಲ್ಲಿ ಅವರ ಸಹಿ ಆಗಲೇ ಬಿದ್ದಿತ್ತು.

ಮೂರು ವಾರಗಳಲ್ಲಿ ತಲೆಸುತ್ತು ನಿಂತಿತು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಅಂದಿನಿಂದ ಪ್ರತಿ ತಾರೀಖಿನ ಮೇಲೂ ಕೆಂಪು ಶಾಯಿಯ ಒಂದೊಂದು ‘ಹಾಜರು’ ಇದೆ. ಆ ಪೆನ್ನು ಮಾತ್ರ ಮೇಷ್ಟ್ರ ಜೇಬಿಗೆ ಮರಳಿ ಬರಲೇ ಇಲ್ಲ.