ಸುಳ್ಳು ರೋಗಿ ಬರುವ ಸೋಮವಾರ

ಎದುರಿಗೆ ಬಂದ ರೋಗಿ ನಿಜವೋ ಸುಳ್ಳೋ ಎಂಬ ಅನುಮಾನ ತಲೆಗೆ ಹೊಕ್ಕರೆ ಡಾಕ್ಟರು ಡಾಕ್ಟರಾಗಿ ಉಳಿಯುವುದಿಲ್ಲ, ಫೌಜದಾರರಾಗುತ್ತಾರೆ. ಏಕಸಂಬಿಯ ಸಣ್ಣ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ಪಾರಿಸ ಆ ಸೋಮವಾರ ಹಾಗಾಗಿದ್ದರು.

ಇದಕ್ಕೆಲ್ಲ ಕಾರಣ ಚಿಕ್ಕೋಡಿಯ ತರಬೇತಿ. ತುರ್ತು ಚಿಕಿತ್ಸೆಯಲ್ಲಿ ಯಾವುದಕ್ಕೆ ಪುರಾವೆಯಿದೆ, ಯಾವುದು ಬರೀ ರೂಢಿ ಎಂದು ಕಲಿಸಿದವರು ಕೊನೆಗೆ ಪರೀಕ್ಷೆಯನ್ನೂ ಇಟ್ಟಿದ್ದರು. ಸೋಮವಾರ ರೋಗಿಯ ವೇಷದಲ್ಲಿ ಒಬ್ಬರು ನಿಮ್ಮಲ್ಲಿಗೇ ಬರುತ್ತಾರೆ, ಗುರುತು ಹೇಳುವುದಿಲ್ಲ, ಅವರನ್ನು ಹೇಗೆ ನೋಡಿಕೊಳ್ಳುತ್ತೀರೋ ಅದಕ್ಕೇ ಅಂಕ! ಪಾರಿಸ ಹೋದ ವರ್ಷವೇ ನಪಾಸಾಗಿದ್ದರು. ಈ ಸಲವೂ ಹೋದರೆ ತುರ್ತು ವಿಭಾಗ ಕೈತಪ್ಪಿ, ನೆಗಡಿ-ಕೆಮ್ಮಿನ ಕೋಣೆಯೇ ಗತಿ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವಳು ರುಕ್ಮವ್ವನೆಂಬ ಮುದುಕಿ.

"ಡಾಕ್ಟ್ರ, ಎದಿ ಉರಿಯಾಕತ್ತೈತ್ರಿ. ಕೈನೂ ಜೋಮು ಹಿಡದಂಗ ಆಗೈತಿ."

"ರಾತ್ರಿ ಏನ್ ಉಂಡ್ರಿ, ಆಯಿ?"

"ಮೆಣಸಿನಕಾಯಿ ಭಜಿ ತಿಂದಿದ್ದೆರಿ."

"ಪಿತ್ತ ಐತಿ ತಗೋರಿ. ಈ ಗುಳಿಗಿ ಚೀಪಿ ಅಲ್ಲೆ ಬಾಕಿನ ಮ್ಯಾಲೆ ಕುಂದರ್ರಿ, ಆಮ್ಯಾಲ ನೋಡತೇನಿ."

ಡಾಕ್ಟರ ಕಣ್ಣು ಆಗಲೇ ಬಾಗಿಲ ಮೇಲಿತ್ತು. ಸುಳ್ಳು ರೋಗಿಗಾಗಿ ಕಾಯುವಾಗ ಮುದುಕಿಯ ಪಿತ್ತ ಯಾರಿಗೆ ಬೇಕು?

ಹನ್ನೊಂದರ ಸುಮಾರಿಗೆ ಟ್ರ್ಯಾಕ್ಟರೊಂದು ಬಂದು ನಿಂತಿತು. ಕಬ್ಬು ಕಡಿಯುವಾಗ ಹಾವು ಕಚ್ಚಿದ್ದ ಧರೆಪ್ಪನನ್ನು ಅಣ್ಣನ ಮಗ ಅಮೋಲ ಇಳಿಸಿಕೊಂಡು ಬಂದ. ಮೊಣಕಾಲ ಕೆಳಗೆ ಹಗ್ಗ ಬಿಗಿದು ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಮೋಲ ಒಂದು ಗೊಬ್ಬರದ ಚೀಲವನ್ನೂ ತಂದು ಮೇಜಿನ ಮೇಲಿಟ್ಟ.

"ಹಾವನ್ನೂ ಹೊಡದು ತಂದೇನ್ರಿ. ಯಾವ ಜಾತಿದು ನೀವ ನೋಡ್ರಿ."

ಚೀಲ ಅಲುಗಾಡಿತು. ಸಿಸ್ಟರ್ ಉಜ್ವಲಾ ಸ್ಟೂಲ್ ಹತ್ತಿ ನಿಂತಳು.

"ಸತ್ತೈತೇನೋ ಅದು?" ಎಂದು ಅಲ್ಲಿಂದಲೇ ಕೂಗಿದಳು.

"ಅರ್ಧಾ ಸತ್ತೈತ್ರಿ."

"ಹಾವಿನ ಜರೂರಿಲ್ಲೋ ಮಾರಾಯ, ದೂರ ಒಯ್ದು ಇಡು!" ಡಾಕ್ಟರು ಚೀರಿದರು.

ಕಂಪೌಂಡರ್ ಶಿವರಾಜ ಅವರ ಕಿವಿಯ ಹತ್ತಿರ ಬಂದ. "ಸರ, ಇವನರಿ ಪರೀಕ್ಷಾದವ. ಹಗ್ಗ, ಹಾವು, ಎಲ್ಲಾ ಪುಸ್ತಕದಾಗ ಇದ್ದಂಗ ತಂದಾರ. ಒಬ್ಬರರ ಅಳಾಕತ್ತಾರೇನು ನೋಡ್ರಿ!"

ಪಾರಿಸರಿಗೂ ಹಾಗೆಯೇ ಅನ್ನಿಸಿತು. ಮಾಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಮಾಡಿದರು. ಕಾಲು ಅಲುಗದಂತೆ ಕಟ್ಟಿದರು, ಸಲಾಯಿನ್ ಹಚ್ಚಿದರು, ವಿಷಕ್ಕೆ ಕೊಡುವ ಔಷಧಿಯನ್ನು ಪಕ್ಕದಲ್ಲಿಟ್ಟುಕೊಂಡು ಹಗ್ಗವನ್ನು ಮೆಲ್ಲಗೆ ಸಡಿಲಿಸಿದರು. ಒಂದಿಷ್ಟು ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ ಇಟ್ಟರು. ಅದನ್ನು ಇಪ್ಪತ್ತು ನಿಮಿಷ ಮುಟ್ಟುವಂತಿಲ್ಲ. ಅಷ್ಟರಲ್ಲಿ ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಸೇರಿದೆ ಎಂದೇ ಅರ್ಥ.

"ನಾಟಕದವಗ ಖರೇ ಔಷಧಿ ಕೊಟ್ಟಗಿಟ್ಟೀರಿ ಸರ," ಶಿವರಾಜ ಮತ್ತೆ ಪಿಸುಗುಟ್ಟಿದ. "ಮೈಗೆ ಒಗ್ಗದ ಏನರ ಆತಂದ್ರ ಇಬ್ಬರೂ ಜೈಲಿಗೆ."

ಇಪ್ಪತ್ತು ನಿಮಿಷ ಎಲ್ಲರೂ ಗಡಿಯಾರವನ್ನೇ ನೋಡುತ್ತ ನಿಂತರು.

"ಡಾಕ್ಟ್ರ, ನನ್ನ ಎದಿ..." ಬೆಂಚಿನಿಂದ ರುಕ್ಮವ್ವನ ದನಿ.

"ಸ್ವಲ್ಪ ತಡೀರಿ ಆಯಿ!"

ಉಜ್ವಲಾ ನಳಿಕೆಯನ್ನು ಓರೆ ಮಾಡಿದಳು. ರಕ್ತ ನೀರಿನಂತೆ ಹರಿಯಿತು. ಅತ್ತ ಧರೆಪ್ಪನ ವಸಡಿನಲ್ಲೂ ಕೆಂಪು ಜಿನುಗುತ್ತಿತ್ತು. ಮನುಷ್ಯ ನಾಟಕ ಮಾಡಿಯಾನು, ಅವನ ರಕ್ತ ಮಾಡೀತೇ? ಪಾರಿಸ ಔಷಧಿಯತ್ತ ಕೈ ಚಾಚಿದರು.

"ಇವಾ ಖರೇ ರೋಗಿ ಅದಾನ! ಔಷಧಿ ಹಚ್ರಿ, ಲಗೂ!"

ಆಮೇಲೆ ಯಾರಿಗೂ ಊಟದ ನೆನಪಾಗಲಿಲ್ಲ. ಸಂಜೆ ಮತ್ತೆ ತೆಗೆದ ರಕ್ತ ಸರಿಯಾಗಿ ಹೆಪ್ಪುಗಟ್ಟಿತು. ಧರೆಪ್ಪ ಕಣ್ಣು ತೆರೆದು ಚಹಾ ಕೇಳಿದ. ಪಾರಿಸರಿಗೆ ಸಂತೋಷಕ್ಕೆ ಅಳುವೇ ಬಂತು. ಸುಳ್ಳು ರೋಗಿ ಬರಲೇ ಇಲ್ಲವಲ್ಲ ಎಂಬ ನೆಮ್ಮದಿ ಬೇರೆ.

ಆಗ ರುಕ್ಮವ್ವ ಬೆಂಚಿನಿಂದ ಎದ್ದಳು. ಗೂನು ಬೆನ್ನು ನೆಟ್ಟಗಾಯಿತು.

"ನನ್ನ ಹೆಸರು ಚಂದ್ರಮತಿರಿ. ತರಬೇತಿಯವರು ಕಳಿಸ್ಯಾರ. ಎದಿ ನೋವು, ಎದಿ ಉರಿ ಅಂದವರಿಗೆ ಹತ್ತು ನಿಮಿಷದಾಗ ಇಸಿಜಿ ತಗೀಬೇಕು ಅಂತ ಕಲಿಸಿದ್ರಲ್ರಿ? ನಾ ಮುಂಜಾನಿಂದ ಗುಳಿಗಿ ಚೀಪಿಕೋಂತ ಕುಂತೇನಿ."

"ಅಲ್ರಿ, ಧರೆಪ್ಪನ ಜೀವ ಉಳಿಸಿದ್ನೆಲ್ರಿ!"

"ಕಣ್ಣಾರೆ ನೋಡೇನ್ರಿ, ಕೈ ಮುಗಿಯೂವಂಥಾ ಕೆಲಸ. ಆದ್ರ ಅಂವಾ ಪರೀಕ್ಷಾಕ್ಕ ಬಂದವ ಅಲ್ಲಲ್ಲ." ಅಷ್ಟು ಹೇಳಿದವಳು ಎದೆ ನೀವಿಕೊಂಡಳು. "ಈಗ ನೋಡಿದ್ರ ಖರೇನ ಉರಿಯಾಕತ್ತೈತ್ರಿ."

ಪಾರಿಸ ಆಕೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಮಲಗಿಸಿ ಇಸಿಜಿ ತೆಗೆದರು. ಎರಡು ಸಲ ನೋಡಿದರು. ಎಲ್ಲ ಸರಿಯಾಗಿತ್ತು.

"ಬರೇ ಪಿತ್ತ ಐತ್ರಿ," ಎಂದರು. ತಮ್ಮ ಮಾತೇ ಗೆದ್ದಿತೆಂಬ ಆಸೆ ಅವರ ಮುಖದಲ್ಲಿ ಅರಳಿತು. "ನಾ ಮುಂಜಾನೇನ ಹೇಳಿದ್ನೆಲ್ರಿ!"

"ಹೌದ್ರಿ. ಮುಂಜಾನಿ ನೋಡದ ಹೇಳಿದ್ರಿ, ಈಗ ನೋಡಿ ಹೇಳಿದ್ರಿ," ಎಂದು ಚಂದ್ರಮತಿ ಚಪ್ಪಲಿ ಮೆಟ್ಟಿಕೊಂಡಳು. "ಮುಂದಿನ ವರ್ಷ ಮತ್ತ ಬರತೇನಿ. ಆ ಗುಳಿಗಿ ಇನ್ನೊಂದು ಕೊಡ್ರಿ."