ಕೊಟ್ಟಿಗೆಗೆ ಬಂದ ಲ್ಯಾಪ್‌ಟಾಪ್

ಮಕ್ಕಳೇ, ನನ್ನ ತಮ್ಮನ ಮಗಳಿಗೆ ತಲೆ ಕೆಟ್ಟಿದೆಯೆಂದು ಹನಗೋಡಿನಲ್ಲಿ ಯಾರಾದರೂ ಹೇಳಿದರೆ ಜಗಳಕ್ಕೆ ಹೋಗಬೇಡಿ. ಸ್ವಲ್ಪ ನಿಜ! ಅವಳದು ಡೇಟಾ ಅನಲಿಸ್ಟ್ ಕೆಲಸ. ರಾಶಿ ರಾಶಿ ಅಂಕಿಗಳಲ್ಲಿ ನಡೆದದ್ದೇನೆಂದು ಹುಡುಕುವುದು.

ಅದಕ್ಕೆ ಕಂಪ್ಯೂಟರ್ ಕಲಿತರೆ ಸಾಲದೇ? ಸಾಲದಂತೆ, ಸೇರಿದ ಕಡೆಯ ಕಸುಬೂ ತಿಳಿದಿರಬೇಕಂತೆ. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ, ಮೂರು ಹೆಸರಲ್ಲಿ ದಾಖಲಾದ ಒಬ್ಬನೇ ರೋಗಿಯನ್ನು ಒಂದು ಮಾಡುವುದನ್ನು ಕಲಿತಳು. ಅದೇ ಹುರುಪಿನಲ್ಲಿ ನಮ್ಮ ಮನೆ ಮದುವೆಗೆ ಕರೆಯಬೇಕಾದವರ ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ನೆಂಟರನ್ನು ಒಬ್ಬರನ್ನಾಗಿ ಮಾಡಿಬಿಟ್ಟಳು. ಬಿಟ್ಟುಹೋದ ನೆಂಟರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಾರೆ! ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯ ಬಳಿ ಸೇರಿದಾಗ, ಎಲೆಯ ಬಣ್ಣ ತಿಳಿಯದೆ ಬೆಲೆಯ ಗ್ರಾಫ್ ಹಾಕಲಾರೆನೆಂದು ಎಲೆ ಬೇಯಿಸುವ ಬ್ಯಾರನ್‌ನಲ್ಲೇ ಹೋಗಿ ಕೂತಳು. ಆ ಘಾಟಿಗೆ ಅವಳಮ್ಮ ಹಿತ್ತಲಲ್ಲಿ ಸ್ನಾನ ಮಾಡಿಸಿಯೇ ಒಳಗೆ ಬಿಟ್ಟುಕೊಂಡಿದ್ದು.

ಈಗ ಹಾಲಿನ ಕಂಪನಿ. ಅದೇ ಹೊತ್ತಿಗೆ ನಮ್ಮೂರ ಡೈರಿಯ ಕಾರ್ಯದರ್ಶಿ, ನಿಮ್ಮ ಹಾಲಿನಲ್ಲಿ ಜಿಡ್ಡು ಆಗಾಗ ಇಳಿಯುತ್ತಿದೆ, ನೀರು ಬೆರೆಸುತ್ತೀರೇನೋ, ಇನ್ನು ಹಾಲು ತರಬೇಡಿ ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟ. ನಾನು ತಲೆ ತಗ್ಗಿಸಿ ಕ್ಯಾನ್ ಎತ್ತಿಕೊಂಡು ಬಂದೆ.

ಸುದ್ದಿ ಕೇಳಿ ಓಡಿಬಂದ ಅವಳು, ಡೈರಿಯಿಂದ ನನ್ನ ಹಾಲಿನ ವಿವರವೆಲ್ಲ ತರಿಸಿ, ಕೊಟ್ಟಿಗೆಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿದಳು. ಹಸು ಅದನ್ನೂ ಒಮ್ಮೆ ನೆಕ್ಕಿ ನೋಡಿತು!

“ನೀರು ಬೆರೆಸಿದ್ರೆ ಲ್ಯಾಕ್ಟೋಮೀಟ್ರು ತೋರ್ಸೋ ಹಾಲಿನ ಡಿಗ್ರೀನೂ ಬೀಳ್ಬೇಕು ಕಣತ್ತೆ. ಇಲ್ಲಿ ಬರೀ ಜಿಡ್ಡು ಬಿದ್ದದೆ. ಅದೂ ಮನೇಗೆ ಮಕ್ಕಳು ರಜಕ್ಕೆ ಬಂದಾಗ ಮಾತ್ರ. ಅವು ಇದ್ದಾಗ ಹಾಲು ಕರಿಯೋ ಅಂಗೇ ಈಗ ಕರಿ, ನೋಡ್ತೀನಿ.”

ಕರೆದೆ. ಕೊನೆಯಲ್ಲಿ, ಮಕ್ಕಳಿದ್ದಾಗ ಮಾಡುವಂತೆ, ಪಾತ್ರೆ ಬದಲಿಸಿ ಚೊಂಬು ಹಿಡಿದೆ. ಕೆಚ್ಚಲಿನ ಕಡೇ ಹಾಲು ಗಟ್ಟಿ. ಅದನ್ನು ಮಕ್ಕಳಿಗೆಂದು ತೆಗೆದಿಡುವುದು ನಮ್ಮತ್ತೆ ಕಲಿಸಿದ ರೂಢಿ. ಹುಡುಗಿ ಚೊಂಬನ್ನು ತೋರಿಸಿ, “ಜಿಡ್ಡೆಲ್ಲ ಇದ್ರಲ್ಲೇ ಅದೆ ಬುಡು,” ಎಂದಳು.

ಮರುದಿನ ಡೈರಿಯಲ್ಲಿ ಅದೇ ಜನರ ಮುಂದೆ ಗ್ರಾಫ್ ತೋರಿಸಿ ಎಲ್ಲ ವಿವರಿಸಿದಳು. ಕಾರ್ಯದರ್ಶಿ ತಪ್ಪಾಯಿತೆಂದು ಹೇಳಿ, ತಾನೇ ಕ್ಯಾನ್ ಇಳಿಸಿಕೊಂಡ.

ಬರುವಾಗ ದಾರಿಯಲ್ಲಿ ಕೇಳಿದೆ, ನಾನು ಹಾಲು ಕರೆಯುವುದನ್ನು ನೋಡಬೇಕೆಂದು ಯಾವ ಕಂಪ್ಯೂಟರ್ ಹೇಳಿತೆಂದು. ಖಾಲಿ ಕ್ಯಾನ್ ಅವಳ ಕೈಯಲ್ಲಿತ್ತು. ನನ್ನ ಮುಖ ನೋಡದೆ ಹೇಳಿದಳು:

“ನಾನೂ ರಜಕ್ಕೆ ಬತ್ತಿದ್ನಲ್ಲತ್ತೆ. ಆ ಚೊಂಬಿಗೆ ಕೈ ಚಾಚ್ಕಂಡು ನಿಂತಿರ್ತಿದ್ದೋಳು ನಾನೇಯ.”

ಆ ಸಂಜೆಯ ಕಡೇ ಹಾಲು ಡೈರಿಗೆ ಹೋಗಲಿಲ್ಲ.