ಇಲ್ಲದವನನ್ನು ಹಿಡಿದದ್ದು

ಇಂಥವೆಲ್ಲ ಬೇರೆಯವರಿಗೆ ಆಗುವುದಿಲ್ಲ, ನನಗೇ ಆಗುತ್ತವೆ. ಕಾರಣ, ಕಳ್ಳರು ನನ್ನ ಕಣ್ಣಿಗೇ ಬೀಳುತ್ತಾರೆ. ಕುಂದಾಪುರದ ಕಡೆ ಊರಿನ ತೆಂಗಿನತೋಟ ಕಾದ ಕಣ್ಣು ಇದು! ಅಬುಧಾಬಿಯ ಸಭಾಂಗಣದಲ್ಲಿ ರಂಗದ ಹಿಂದಿನ ಕಾವಲು ಸಿಕ್ಕಿದ್ದೂ ಅದರಿಂದಲೇ. ಜಪಾನಿನ ಕಬುಕಿ ನಾಟಕದವರು ಬರುವ ಮುಂಚೆಯೇ ನಮ್ಮ ಉಡುಪಿಯ ಸೂಪರ್‌ವೈಸರ್ ಹೇಳಿದ್ದ: “ಒಂದು ದೂರು ಬಂದರೂ ನಿನ್ನ ವೀಸಾ ಖಲಾಸ್ ಮಾರಾಯ.”

ಬೆಂಕಿ

ತಂಡದ ಯಜಮಾನ ಒಬ್ಬ ಅಜ್ಜ. ತಮ್ಮೂರಿನ ರಂಗಮಂದಿರದ ಹಳೇ ಚಿತ್ರಗಳನ್ನು ತೂಗುಹಾಕಿ ಇತಿಹಾಸ ಹೇಳತೊಡಗಿದ. ಬೆಂಗಳೂರಿನ ದುಭಾಷಿ ಮೇಡಂ ನನಗೆ ಕನ್ನಡದಲ್ಲಿ ಹೇಳಿದರು: ಕಟ್ಟಿದರು, ಸುಟ್ಟಿತು. ಮತ್ತೆ ಕಟ್ಟಿದರು, ಮತ್ತೆ ಸುಟ್ಟಿತು.

ನಮ್ಮೂರಲ್ಲಿ ಒಂದೇ ಅಂಗಡಿ ಎರಡು ಸಲ ಸುಟ್ಟರೆ ಪೊಲೀಸರು ಮಾಲೀಕನನ್ನೇ ಕರೆಸುತ್ತಾರೆ. “ಪ್ರತಿ ಸಲ ಅಲ್ಲಿ ಯಾರಿದ್ದರು, ಕೇಳಿ ಮೇಡಂ,” ಎಂದೆ.

ಅಜ್ಜ ಎದೆ ಉಬ್ಬಿಸಿದ: “ನಮ್ಮ ಮನೆತನದವರೇ!”

ಬೆಂಕಿ ಆರಿಸುವ ಸಿಲಿಂಡರ್ ತಂದು ಅವನ ಪಕ್ಕದಲ್ಲಿಟ್ಟೆ.

ನಡಿಗೆ

ಈ ಕಬುಕಿ ಆಟ ಶುರುಮಾಡಿದ್ದು ಹೆಂಗಸರಂತೆ. ಸರ್ಕಾರ ಅವರನ್ನೇ ರಂಗದಿಂದ ಇಳಿಸಿತಂತೆ. ಆಮೇಲೆ ಎಲ್ಲ ಪಾತ್ರವೂ ಗಂಡಸರದ್ದೇ. ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕಿ ಊರಿಗೇ ಹುಚ್ಚು ಹಿಡಿಸಿದವನು ನಾನು, ನನಗೆ ಹೊಸತೇ? ಬಣ್ಣದ ಕೋಣೆಯತ್ತ ಕಿಮೋನೋ ಉಟ್ಟು ಸಣ್ಣ ಹೆಜ್ಜೆಯಲ್ಲಿ ಬಂದ ಸ್ತ್ರೀವೇಷದವನನ್ನು ತಡೆದೆ. “ವೇಷ ಅಡ್ಡಿಲ್ಲ ಅಣ್ಣ, ನಡಿಗೆ ಸಾಲದು. ನಾನು ಕಲಿಸಲಾ?”

ಮೇಡಂ ಓಡಿಬಂದರು. “ಅಯ್ಯೋ, ಅವರು ಅಜ್ಜನ ಮಗಳು ಕಣೋ!”

ಆಕೆಗೆ ಕನ್ನಡ ಬಾರದೆ ದೂರು ತಪ್ಪಿತು. ನಡಿಗೆ ಮಾತ್ರ ಸಾಲದು, ಈಗಲೂ ಹೇಳುತ್ತೇನೆ.

ಕರಿಬಟ್ಟೆ

ಆಟದ ದಿನ ರಂಗದ ಮೇಲೆ ನಾಯಕನ ಪಾತ್ರದವ ಕಣ್ಣುಗುಡ್ಡೆ ತಿರುಗಿಸಿ, ಬೊಂಬೆಯಂತೆ ಅಲುಗದೆ ನಿಂತಿದ್ದ. ಮುಖಕ್ಕೂ ಕರಿಬಟ್ಟೆ ಮುಚ್ಚಿಕೊಂಡ ಒಬ್ಬ ಹಿಂದಿನಿಂದ ಬಗ್ಗಿ ಬಂದು ಅವನ ಕತ್ತಿ ಎತ್ತಿಕೊಂಡ. ಅಷ್ಟು ಜನ ನೋಡುತ್ತಿದ್ದಾರೆ, ಒಬ್ಬರಾದರೂ ಕೂಗಬೇಡವೇ? ನಾನೇ ಹಾರಿದೆ. ಕಳ್ಳನ ಕಾಲು ಹಿಡಿದು ಒಳಗೆ ಎಳೆದೊಯ್ದೆ. ಜೋರು ಚಪ್ಪಾಳೆ! ಆಗಿನ್ನೂ ಮೊಬೈಲಿಗೆ ಕ್ಯಾಮೆರಾ ಬಂದಿರಲಿಲ್ಲ, ಪುಣ್ಯ.

ಪರದೆ ಬಿದ್ದ ಮೇಲೆ ಸೂಪರ್‌ವೈಸರ್ ನನ್ನ ಮೇಲೆ ಎಗರಿದ. “ಎಂತ ಮಾಡಿದೆ ಮಾರಾಯ! ಅವನು ರಂಗಕ್ಕೆ ಸಾಮಾನು ಕೊಟ್ಟು ತೆಗೆಯುವವ. ಕರಿಬಟ್ಟೆ ಹಾಕಿದವ ಅಲ್ಲಿ ಇಲ್ಲವೇ ಇಲ್ಲ ಅಂತ ಲೆಕ್ಕ! ನಾಳೆಯೇ ಊರಿಗೆ ಹೊರಡು.” ದೂರಿನ ಕಾಗದವನ್ನು ಅಜ್ಜನ ಮುಂದೆ ಹಿಡಿದ.

ಅಜ್ಜ ಪೆನ್ನು ಮುಟ್ಟಲಿಲ್ಲ. ಮೇಡಂ ನಗು ತಡೆದುಕೊಂಡು ಅವನ ಮಾತು ಹೇಳಿದರು: “ಅವನು ಇಲ್ಲ ಎನ್ನುವುದು ನಮ್ಮ ಮುತ್ತಜ್ಜಂದಿರ ಕಾಲದ ನಿಯಮ. ಇಲ್ಲದವನನ್ನು ಈ ಹುಡುಗ ಎಳೆದ ಅಂತ ಹೇಗೆ ಬರೆಯಲಿ?”

ಸೂಪರ್‌ವೈಸರ್ ಕಾಗದ ಮಡಚಿದ. ಇಲ್ಲದವನು ಮಾತ್ರ ಮೊಣಕೈಗೆ ಬ್ಯಾಂಡೇಜ್ ಸುತ್ತಿಕೊಂಡು, ಸುಲೈಮಾನಿ ಚಹಾ ಕುಡಿಯುತ್ತ, ನನ್ನನ್ನೇ ಕೆಕ್ಕರಿಸಿ ನೋಡುತ್ತಿದ್ದ.